ಕ್ಯಾಲಿಪರ್ ಪುರಾಣ

ಕಾರಿನ ಚರಿತ್ರೆ ಬರೆಯೋರೆಲ್ಲ ಇಂಜಿನ್ ಹಿಂದೆ ಬೀಳ್ತಾರೆ. ಓಡೋದು ಮುಖ್ಯ ಸರಿ, ನಿಲ್ಲೋದು ಬೇಡ್ವಾ? ಚಕ್ರದೊಳಗೆ ಕೂತು ಡಿಸ್ಕನ್ನ ಎರಡೂ ಕಡೆಯಿಂದ ಅಮುಕಿ ಹಿಡಿಯೋ ಕ್ಯಾಲಿಪರ್‌ಗೂ ಒಂದು ಪುರಾಣ ಇದೆ. ಹಳೇ ಕಾರುಗಳ ಕ್ಯಾಲಿಪರ್‌ಗಳನ್ನ ಮನೆಯಲ್ಲೇ ಬಿಚ್ಚಿ ರಿಪೇರಿ ಮಾಡೋ ಹವ್ಯಾಸಿಗಳು ಪಡೋ ಪಾಡಿನ ಮೂಲ ಅಲ್ಲೇ ಇರೋದು.

ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ 1902ರಲ್ಲೇ ಪೇಟೆಂಟ್ ತಗೊಂಡಿದ್ದ. ಐಡಿಯಾ ಸರಿಯಾಗೇ ಇತ್ತು, ತಕ್ಕ ಸಾಮಗ್ರಿ ಇರಲಿಲ್ಲ. ಲೋಹಕ್ಕೆ ಲೋಹ ಉಜ್ಜಿದರೆ ಇನ್ನೇನಾಗುತ್ತೆ, ಕಿವಿ ಮುಚ್ಕೋಬೇಕು ಅಷ್ಟೆ! ಮುಂದಿನ ಐವತ್ತು ವರ್ಷ ರಾಜ್ಯಭಾರ ಮಾಡಿದ್ದು ಡ್ರಮ್ ಬ್ರೇಕೇ.

1949ರಲ್ಲಿ ಅಮೆರಿಕದ ಕ್ರಾಸ್ಲಿ ಕಂಪನಿ ತನ್ನ ಪುಟಾಣಿ ಹಾಟ್‌ಶಾಟ್ ಕಾರಿಗೆ ವಿಮಾನದ ಬ್ರೇಕಿನಿಂದ ಬಂದ ಡಿಸ್ಕ್ ಬ್ರೇಕ್ ಹಾಕಿತು. ಚಳಿಗಾಲದಲ್ಲಿ ಅಲ್ಲಿನ ರಸ್ತೆಗಳ ಮೇಲೆ ಹಿಮ ಕರಗಲಿ ಅಂತ ಉಪ್ಪು ಸುರೀತಾರೆ. ರನ್‌ವೇಯಲ್ಲಿ ಚೆನ್ನಾಗಿ ಕೆಲಸ ಮಾಡಿದ್ದ ಡಿಸೈನ್ ಉಪ್ಪುನೀರಿಗೆ ಸಿಕ್ಕಿ ಜಾಮ್ ಆಯ್ತು. ಮರುವರ್ಷವೇ ಕಂಪನಿ ಡ್ರಮ್‌ಗೆ ವಾಪಸ್. ಟೆಸ್ಟಿಂಗ್ ಎನ್ವಿರಾನ್ಮೆಂಟ್ ಬೇರೆ, ಪ್ರೊಡಕ್ಷನ್ ಬೇರೆ ಅಂತ ನಮ್ಮ ಸಾಫ್ಟ್‌ವೇರ್‌ನವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಬಿಡಿ :)

ಡಿಸ್ಕ್ ಬ್ರೇಕಿಗೆ ಮರ್ಯಾದೆ ತಂದುಕೊಟ್ಟಿದ್ದು ಜಾಗ್ವಾರ್ ಮತ್ತು ಡನ್‌ಲಪ್. ಟೆಸ್ಟ್ ಡ್ರೈವರ್ ನಾರ್ಮನ್ ಡೂಯಿಸ್ ಪ್ರಯೋಗ ಮಾಡುವಾಗ ಬ್ರೇಕ್ ಫ್ಲೂಯಿಡ್ ಕುದಿದುಹೋಗ್ತಿತ್ತು. ಕುದಿದರೆ ಆವಿ, ಆವಿಯನ್ನ ಎಷ್ಟು ಒತ್ತಿದರೂ ಚಕ್ರ ನಿಲ್ಲೋಲ್ಲ. ಇದನ್ನೆಲ್ಲ ಒಂದೊಂದಾಗಿ ಬಗೆಹರಿಸಿ 1953ರ ಲೆ ಮಾನ್ಸ್ ರೇಸಿಗೆ ಸಿ-ಟೈಪ್ ಕಾರು ಇಳಿಸಿದರು. ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗೆದ್ದರು, ಅಲ್ಲಿ ಮೊದಲ ಸಲ ಸರಾಸರಿ ವೇಗ ಗಂಟೆಗೆ 100 ಮೈಲಿ ದಾಟಿತು. 1955ರಲ್ಲಿ ಸಿಟ್ರೋಯೆನ್ ಡಿಎಸ್ ಬಂದ ಮೇಲೆ ಡಿಸ್ಕ್ ಬ್ರೇಕು ರೇಸಿನವರ ಸ್ವತ್ತಾಗಿ ಉಳಿಯಲಿಲ್ಲ.

ಈಗ ನನ್ನ ಪ್ರಕಾರ ಈ ಪುರಾಣದ ಅತಿ ಸ್ವಾರಸ್ಯದ ಅಧ್ಯಾಯ: 1965ರ ಶೆವ್ರೊಲೆ ಕಾರ್ವೆಟ್. ನಾಲ್ಕೂ ಚಕ್ರಕ್ಕೆ ಡಿಸ್ಕ್, ಒಂದೊಂದು ಕ್ಯಾಲಿಪರ್‌ಗೆ 4 ಪಿಸ್ಟನ್, ಒಟ್ಟು 16. ಹೊಸದರಲ್ಲಿ ಅದ್ಭುತ. ಆದರೆ ಸೀಲ್ ಇದ್ದದ್ದು ಪಿಸ್ಟನ್ ಮೇಲೆ, ಅದು ಜಾರಬೇಕಾದ್ದು ಎರಕದ ಕಬ್ಬಿಣದ ಸಿಲಿಂಡರ್ ಗೋಡೆ ಮೇಲೆ. ಗ್ಲೈಕಾಲ್ ಬ್ರೇಕ್ ಫ್ಲೂಯಿಡ್‌ನ ಗುಣ ಗೊತ್ತಲ್ಲ, ಗಾಳಿಯಲ್ಲಿರೋ ತೇವ ಹೀರಿಕೊಳ್ಳೋದು. ಕಾರು ಶೆಡ್ಡಿನಲ್ಲಿ ಸುಮ್ಮನೆ ನಿಂತಿದ್ದರೂ ಒಳಗೊಳಗೇ ಗೋಡೆಗೆ ತುಕ್ಕು ಹಿಡಿದು ಸಣ್ಣ ಸಣ್ಣ ಗುಳಿ ಬೀಳೋದು. ಗುಳಿ ಬಿದ್ದ ಗೋಡೆ ಮೇಲೆ ರಬ್ಬರ್ ಸೀಲ್ ಕೂರೋಲ್ಲ, ಫ್ಲೂಯಿಡ್ ಹೊರಗೆ ಸೋರುತ್ತೆ. ಅಕ್ಕರೆಯಿಂದ ಮುಚ್ಚಿಟ್ಟ ಕಾರಿಗೇ ಈ ಗತಿ ನೋಡಿ!

ಮನೇಲಿ ಕೂತು ಹೊಸ ಸೀಲ್ ಕಿಟ್ ಹಾಕಿದವರಿಗೆ ಕೆಲವು ತಿಂಗಳಲ್ಲಿ ಮತ್ತೆ ಅದೇ ಸೋರಿಕೆ. ಗೋಡೆ ಉಜ್ಜಿ ನಯ ಮಾಡೋಣ ಅಂದ್ರೆ, ಗುಳಿ ಹೋಗೋವಷ್ಟು ಉಜ್ಜಿದರೆ ಸಿಲಿಂಡರ್ರೇ ಅಗಲ ಆಗುತ್ತೆ. ಕೊನೆಗೆ 1970ರ ದಶಕದಲ್ಲಿ ಬಂದ ಉಪಾಯ ಎಷ್ಟು ಸರಳ ಅಂದ್ರೆ, ಸಿಲಿಂಡರ್ ಕೊರೆದು ದೊಡ್ಡದು ಮಾಡಿ ಒಳಗೊಂದು ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಕೂರಿಸೋದು. ಆಮೇಲೆ ತುಕ್ಕಿನ ಮಾತೇ ಇಲ್ಲ. ಕಾರ್ಖಾನೆಯವರು ಮಾತ್ರ 1982ರವರೆಗೂ ಹಳೇ ಕಬ್ಬಿಣದ ಸಿಲಿಂಡರನ್ನೇ ಮುಂದುವರಿಸಿದರು.

ಬೇರೆ ಬಹುಪಾಲು ಕಾರುಗಳು ಹಿಡಿದ ದಾರಿ ಇನ್ನೊಂದು. ಸೀಲನ್ನ ಸಿಲಿಂಡರ್ ಗೋಡೆಯ ಗಾಡಿಯಲ್ಲೇ ಕೂರಿಸಿ, ಪಿಸ್ಟನ್ ಮೈಗೆ ಕ್ರೋಮ್ ಲೇಪ ಕೊಡೋದು. ಬ್ರೇಕ್ ಒತ್ತಿದಾಗ ಚೌಕ ಅಂಚಿನ ಆ ರಬ್ಬರ್ ಬಳೆ ಪಿಸ್ಟನ್ ಜೊತೆ ಸ್ವಲ್ಪ ಬಾಗುತ್ತೆ, ಬಿಟ್ಟಾಗ ನೆಟ್ಟಗಾಗಿ ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತೆ. ಬೇರೆ ಸ್ಪ್ರಿಂಗೇ ಬೇಡ! ಇಲ್ಲಿ ಗುಳಿ ನೋಡಬೇಕಾದ್ದು ಪಿಸ್ಟನ್ ಮೇಲೆ, ಕ್ರೋಮ್ ಎದ್ದಿದ್ದರೆ ಹೊಸದೇ ಹಾಕಬೇಕು.

ಪಿಸ್ಟನ್ ಹೊರಗೆ ತೆಗೆಯೋಕೆ ಕಂಪ್ರೆಸರ್ ಗಾಳಿ ಬಿಡೋದು ಹಳೇ ರೂಢಿ. ಗುಂಡಿನ ಹಾಗೆ ಹಾರುತ್ತೆ, ಮಧ್ಯೆ ಮರದ ತುಂಡು ಇಡಬೇಕು, ಬೆರಳಲ್ಲ. ಸೀಲ್ ಕೂರಿಸುವಾಗ ಹಚ್ಚಬೇಕಾದ್ದು ಹೊಸ ಬ್ರೇಕ್ ಫ್ಲೂಯಿಡ್. ಇಂಜಿನ್ ಆಯಿಲ್ ಅಥವಾ ಮಾಮೂಲಿ ಗ್ರೀಸ್ ತಾಗಿದರೆ ಆ ರಬ್ಬರ್ ಉಬ್ಬಿ ಹಾಳಾಗುತ್ತೆ.