ಒನಕೆಯ ಅಣಸು, ಹಂಪಿಯ ಕಂಬ

ದರೋಜಿಯ ನಮ್ಮ ಮನೆಯ ಮೂಲೆಯಲ್ಲಿ ಅಜ್ಜಿಯ ಒನಕೆ ಇನ್ನೂ ನಿಂತಿದೆ. ತುದಿಗೆ ಕಬ್ಬಿಣದ ಬಳೆ, ಅದೇ ಅಣಸು. ‘ಅಣಸು ಬಿದ್ರ ಒನಕಿ ಸೀಳ್ತದಪ’ ಅನ್ನುತ್ತಿದ್ದಳು. ಭಾರ ಹೊತ್ತದ್ದು ಮೊದಲು ಪಕ್ಕಕ್ಕೆ ಉಬ್ಬುತ್ತದೆ, ಆಮೇಲೆ ಸೀಳುತ್ತದೆ.

ಹಂಪಿಯ ಕಲ್ಲುಕುಟಿಗರು ಅಣಸು ಹಾಕಲಿಲ್ಲ. ಗ್ರಾನೈಟನ್ನೇ ದಪ್ಪಗೆ ನಿಲ್ಲಿಸಿದರು. ಮೇಲೆ ಹೇರಿದ ಭಾರವನ್ನು ಚೆನ್ನಾಗಿ ಹೊರುವ ಕಲ್ಲು, ಬಾಗಿಸಿದರೆ ಮುರಿಯುತ್ತದೆ. ಅದಕ್ಕೇ ವಿಠ್ಠಲ ಗುಡಿಯಲ್ಲಿ ತೊಲೆ ಗಿಡ್ಡ, ಕಂಬ ಒತ್ತೊತ್ತು.

ಕಂಬಕ್ಕೆ ಉದ್ದಕ್ಕೂ ಅಣಸು ತೊಡಿಸಿದಂತೆ, 1879ರಲ್ಲಿ ಮುಗಿದ ಇಂಗ್ಲೆಂಡಿನ ಸೆವರ್ನ್ ರೈಲು ಸೇತುವೆಯಲ್ಲಿ ಕಬ್ಬಿಣದ ಕೊಳವೆಗಳಿಗೆ ಕಾಂಕ್ರೀಟು ತುಂಬಿದರು. ಹೀಗೆ ಕಾಂಕ್ರೀಟು ತುಂಬಿದ ಇಂದಿನ ದುಂಡು ಉಕ್ಕಿನ ಕಂಬದಲ್ಲಿ ಕೊಳವೆ ಕಾಂಕ್ರೀಟನ್ನು ಉಬ್ಬಗೊಡದು. ಕಾಂಕ್ರೀಟು ಕೊಳವೆಯನ್ನು ಒಳಕ್ಕೆ ಮಡಚಗೊಡದು. ನಮ್ಮೂರ ಪಕ್ಕದ ತೋರಣಗಲ್ಲಿನ ಕಾರ್ಖಾನೆಯ ಉಕ್ಕು ಕಂಡಾಗಲೆಲ್ಲ ನನಗೆ ಅಜ್ಜಿಯ ಅಣಸೇ ನೆನಪು.