ಕ್ಯುಪರ್ಟಿನೋ ಕಣಿವೆಯ ದುಡಿಮೆಗಾರ ಗಂಡಸರು

ಕ್ಯುಪರ್ಟಿನೋ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಸಾಂಟಾ ಕ್ಲಾರಾ ಕೌಂಟಿಯಲ್ಲಿರುವ, ಸುಮಾರು 60,000 ಜನರಿರುವ ನಗರ. 1955ರಲ್ಲಿ ನಗರಸಭೆಯಾಯಿತು. ಆಪಲ್ ಕಂಪನಿಯ ಕೇಂದ್ರ ಕಚೇರಿ ಇರುವುದು ಇಲ್ಲೇ. ಸಾಫ್ಟ್‌ವೇರ್ ಕೆಲಸಕ್ಕೆ ಹೋದ ಬಂಧುಗಳ ಮೂಲಕ ಕನ್ನಡಿಗರಿಗೆ ಪರಿಚಯವಾದ ಊರು ಇದು. ಅದಕ್ಕೂ ಮುಂಚಿನ, ಈಗಲೂ ಹಿತ್ತಲಲ್ಲಿ ಉಸಿರಾಡುತ್ತಿರುವ ಇನ್ನೊಂದು ಊರನ್ನು ಆ ಬಂಧುಗಳೂ ಅಷ್ಟಾಗಿ ಕಂಡಿರುವುದಿಲ್ಲ. ಹಣ್ಣಿನ ತೋಟ, ಸಿಮೆಂಟು ಕಾರ್ಖಾನೆ, ಕಾರು ಕಾರ್ಖಾನೆಗಳಲ್ಲಿ, ಬಸ್ಸಿನ ಸ್ಟಿಯರಿಂಗ್ ಹಿಡಿದು ದುಡಿದ ಗಂಡಸರ ಊರು ಅದು. 1970ರ ದಶಕದಿಂದೀಚೆಗೆ ಈ ಗಂಡಸರ ಕೆಲಸವೂ ಮನೆಯಲ್ಲಿದ್ದ ಯಜಮಾನಿಕೆಯೂ ಒಟ್ಟೊಟ್ಟಿಗೆ ಸಡಿಲವಾದವು.

ಸಿಲಿಕಾನ್ ಕಣಿವೆ ಎನಿಸಿಕೊಳ್ಳುವ ಮೊದಲು ಇದು ಪ್ರೂನ್, ಏಪ್ರಿಕಾಟ್, ಚೆರ‍್ರಿ ತೋಟಗಳ ಸೀಮೆ. ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳು ಪಕ್ಕದ ಸ್ಯಾನ್ ಹೋಸೆಯಲ್ಲಿದ್ದವು. ಅಲ್ಲಿ ಕೆಲಸ ಲಿಂಗದ ಪ್ರಕಾರವೇ ಹಂಚಿಕೆಯಾಗಿತ್ತು. ಯಂತ್ರ ರಿಪೇರಿ, ಗೋದಾಮು, ಸಾಗಣೆ ಮುಂತಾದ ವರ್ಷಪೂರ್ತಿಯ ಕೆಲಸ ಗಂಡಸರಿಗೆ. ಸುಗ್ಗಿಯ ಕಾಲಕ್ಕೆ ಬೆಲ್ಟಿನ ಮುಂದೆ ನಿಂತು ಹಣ್ಣು ಆರಿಸುವುದು ಹೆಂಗಸರಿಗೆ. ಮೆಕ್ಸಿಕನ್ ಮೂಲದ ಕುಟುಂಬಗಳ ಬಗ್ಗೆ ಪೆಟ್ರೀಷಿಯಾ ಜವೆಲ್ಲಾ 1987ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ವಿವರವಾಗಿ ದಾಖಲಿಸಿದೆ. ಹೆಂಡತಿಯ ಕೂಲಿಯನ್ನು ಸಂಸಾರಕ್ಕೊಂದು ಆಸರೆ ಎಂದಷ್ಟೇ ಎಣಿಸುತ್ತಿದ್ದರು. ಸಂಸಾರ ನಡೆಸುವವನು ಗಂಡಸು, ಹೆಂಗಸಿನದು ಕೈಖರ್ಚಿನ ದುಡ್ಡು ಎಂಬ ಈ ಲೆಕ್ಕ ಗಂಡಸಿಗೆ ಮರ್ಯಾದೆ ತಂದಿತು, ಮಾಲೀಕನಿಗೆ ಅಗ್ಗದ ಕೂಲಿ ತಂದಿತು. ಮುಂದೆ ಇದೇ ಲೆಕ್ಕ ಗಂಡಸಿಗೆ ತಿರುಗುಬಾಣವಾಯಿತು.

ಕ್ಯುಪರ್ಟಿನೋದ ಪಶ್ಚಿಮದ ಬೆಟ್ಟದಲ್ಲಿ, ನಗರದ ಎಲ್ಲೆಯ ಆಚೆಗೆ, ಉದ್ಯಮಿ ಹೆನ್ರಿ ಜೆ. ಕೈಸರ್ 1939ರಲ್ಲಿ ಪರ್ಮನೆಂಟೆ ಸಿಮೆಂಟು ಕಾರ್ಖಾನೆ ಕಟ್ಟಿದ. ಶಾಸ್ತಾ ಅಣೆಕಟ್ಟಿಗೆ ಸಿಮೆಂಟು ಹೋದದ್ದು ಇಲ್ಲಿಂದ. ಸುಣ್ಣಕಲ್ಲು ಸಿಡಿಸುವುದು, ಪುಡಿಮಾಡುವುದು, ಗೂಡಿನಲ್ಲಿ ಸುಡುವುದು ಎಲ್ಲವೂ ಗಂಡಾಳುಗಳ ಕೆಲಸವೆಂದೇ ತೀರ್ಮಾನವಾಗಿತ್ತು. ಅದೇ ಕೈಸರ್ ಎರಡನೆಯ ಮಹಾಯುದ್ಧದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಉತ್ತರದ ರಿಚ್ಮಂಡಿನಲ್ಲಿ 747 ಹಡಗು ಕಟ್ಟಿಸಿದಾಗ ಸಾವಿರಾರು ಹೆಂಗಸರು ವೆಲ್ಡಿಂಗ್ ಕಲಿತರು. ಅವರ ಮಕ್ಕಳಿಗೆಂದು ಶಿಶುವಿಹಾರಗಳೂ ತೆರೆದವು. ಯುದ್ಧ ಮುಗಿದು ಹಡಗುಕಟ್ಟೆ ಮುಚ್ಚಿತು, ಹೆಂಗಸರು ಮನೆಗೆ ಮರಳಿದರು. ಹೆಣ್ಣಿನ ಕೈಗೆ ಬಾರದ ಕೆಲಸ ಎಂಬ ಮಾತು ಎಷ್ಟು ಪೊಳ್ಳು ಎನ್ನುವುದು ನಾಲ್ಕೇ ವರ್ಷದಲ್ಲಿ ಸಾಬೀತಾಗಿತ್ತು. ಆದರೂ ಮುಂದಿನ ಕಾಲು ಶತಮಾನ ಕಣಿವೆ ಆ ಮಾತನ್ನೇ ನಂಬಿಕೊಂಡು ನಡೆಯಿತು.

ಆ ಕಾಲು ಶತಮಾನ ದುಡಿಮೆಗಾರ ಗಂಡಸಿಗೆ ಒಳ್ಳೆಯ ಕಾಲ. 1956ರಲ್ಲಿ ಪಕ್ಕದ ಸನ್ನಿವೇಲ್‌ಗೆ ಬಂದ ಕ್ಷಿಪಣಿ ಕಂಪನಿ ಲಾಕ್‌ಹೀಡ್, 1960ರ ದಶಕದ ಆರಂಭದಲ್ಲಿ ಫ್ರೀಮಾಂಟ್‌ನಲ್ಲಿ ಶುರುವಾದ ಜನರಲ್ ಮೋಟರ್ಸ್ ಕಾರು ಕಾರ್ಖಾನೆ, ಕಾರ್ಮಿಕ ಸಂಘಗಳು ಗಳಿಸಿಕೊಟ್ಟ ಸಂಬಳ, ಇವೆಲ್ಲದರಿಂದ ಹೈಸ್ಕೂಲಷ್ಟೇ ಮುಗಿಸಿದವನೂ ತನ್ನೊಬ್ಬನ ದುಡಿಮೆಯಲ್ಲಿ ಮನೆ ಕೊಳ್ಳಬಹುದಿತ್ತು. ಆಮೇಲೆ ಚಿಪ್ ಬಂತು. ಸೂಕ್ಷ್ಮದರ್ಶಕದ ಮುಂದೆ ಕೂತು ಎಳೆತಂತಿ ಜೋಡಿಸುವ ಜೋಡಣೆ ಸಾಲುಗಳಿಗೆ ಕಂಪನಿಗಳು ಹೆಚ್ಚಾಗಿ ತೆಗೆದುಕೊಂಡದ್ದು ಮೆಕ್ಸಿಕೋ, ಫಿಲಿಪ್ಪೀನ್ಸ್, ವಿಯೆಟ್ನಾಂಗಳಿಂದ ಬಂದ ಹೆಂಗಸರನ್ನು. ಗಂಡನ ಸಂಬಳ ಹೇಗೂ ಇದೆಯಲ್ಲ, ಇವರಿಗೆ ಇಷ್ಟು ಸಾಕು ಎಂದು ಮೇಲಧಿಕಾರಿಗಳು ಸಮರ್ಥಿಸಿಕೊಂಡದ್ದನ್ನು ಸಮಾಜಶಾಸ್ತ್ರಜ್ಞೆ ಕ್ಯಾರೆನ್ ಹಾಸ್‌ಫೆಲ್ಡ್ ಬರೆದಿದ್ದಾರೆ. ಎಷ್ಟೋ ಮನೆಗಳಲ್ಲಿ ಗಂಡನ ಸಂಬಳವೇ ಇರಲಿಲ್ಲ. ಸಂಘವಿಲ್ಲದ ಈ ಅಗ್ಗದ ಕೆಲಸ ಬೆಳೆದಂತೆ ಸಂಘವಿದ್ದ ಕೆಲಸ ಕರಗಿತು: ಜನರಲ್ ಮೋಟರ್ಸ್ 1982ರಲ್ಲಿ ಫ್ರೀಮಾಂಟ್ ಕಾರ್ಖಾನೆಯ ಬಾಗಿಲು ಹಾಕಿತು. ಮುಂದೆ ಚಿಪ್ ಜೋಡಣೆಯೂ ಏಷ್ಯಾದ ದೇಶಗಳಿಗೆ ಹೋಯಿತು.

ಮನೆಯೊಳಗೆ ಏನಾಯಿತು ಎನ್ನುವುದಕ್ಕೆ ಈ ಪ್ರದೇಶದಷ್ಟು ಒಳ್ಳೆಯ ದಾಖಲೆ ಬೇರೆಡೆ ಸಿಗುವುದು ಅಪರೂಪ. ಲಿಲಿಯನ್ ರೂಬಿನ್ 1976ರ ‘ವರ್ಲ್ಡ್ಸ್ ಆಫ್ ಪೇನ್’ ಕೃತಿಯಲ್ಲಿ ಕೊಲ್ಲಿ ಪ್ರದೇಶದ ಬಿಳಿಯ ಕಾರ್ಮಿಕ ಕುಟುಂಬಗಳನ್ನು ಮಾತಾಡಿಸಿದರು. ಕೆಲಸದಲ್ಲಿ ಮೇಲಿನವರ ಮಾತಿಗೆ ತಲೆಬಾಗುವವನು ಮನೆಯಲ್ಲಿ ದನಿ ಏರಿಸುವುದು, ಹೆಂಡತಿ ಮಾತಾಡಬೇಕೆಂದಾಗ ಗಂಡ ಮೌನಕ್ಕೆ ಜಾರುವುದು ಆ ಪುಸ್ತಕದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಆರ್ಲಿ ಹಾಕ್‌ಷೀಲ್ಡ್ 1989ರ ‘ದಿ ಸೆಕೆಂಡ್ ಶಿಫ್ಟ್’ನಲ್ಲಿ ಇದೇ ಪ್ರದೇಶದ ದುಡಿಯುವ ದಂಪತಿಗಳ ಮನೆಗೆಲಸವನ್ನು ಲೆಕ್ಕಹಾಕಿದಾಗ ಸಮಪಾಲು ಹೊರುತ್ತಿದ್ದ ಗಂಡಸು ಐವರಲ್ಲಿ ಒಬ್ಬ. ಕುತೂಹಲದ ಸಂಗತಿ ಬೇರೆಯೇ ಇದೆ. ಹೆಣ್ಣು ಮನೆಯಲ್ಲಿರಬೇಕು ಎನ್ನುತ್ತಿದ್ದ ಕೆಲವು ಕಾರ್ಮಿಕರು, ಸಮಾನತೆಯ ಮಾತಾಡುವ ಮೇಲ್ಮಧ್ಯಮ ವರ್ಗದವರಿಗಿಂತ ಹೆಚ್ಚು ಮನೆಗೆಲಸ ಮಾಡುತ್ತಿದ್ದರು. ಹೆಂಡತಿ ಒಂದು ಪಾಳಿ, ಗಂಡ ಇನ್ನೊಂದು ಪಾಳಿ. ಮಗುವಿಗೆ ಉಣ್ಣಿಸಲು ಬೇರೆ ಯಾರಿದ್ದರು?

ಜೂಡಿತ್ ಸ್ಟೇಸಿ 1990ರ ‘ಬ್ರೇವ್ ನ್ಯೂ ಫ್ಯಾಮಿಲೀಸ್’ನಲ್ಲಿ ಸಿಲಿಕಾನ್ ಕಣಿವೆಯ ಕಾರ್ಮಿಕ ಕುಟುಂಬಗಳನ್ನೇ ಆರಿಸಿಕೊಂಡರು. ವಿಚ್ಛೇದನ, ಮರುಮದುವೆ, ಮಲಮಕ್ಕಳು, ಮಾಜಿ ಗಂಡನ ಬಂಧುಗಳು ಎಲ್ಲರನ್ನೂ ಒಳಗೊಂಡ ಹೊಸ ಬಗೆಯ ಸಂಸಾರವನ್ನು ಮೊದಲು ಕಟ್ಟಿದವರು ಓದಿದ ಮಧ್ಯಮ ವರ್ಗದವರಲ್ಲ, ಸಂಪ್ರದಾಯಸ್ಥರೆಂದು ಎಲ್ಲರೂ ಭಾವಿಸಿದ್ದ ಈ ಕಾರ್ಮಿಕರೇ ಎಂದು ಅವರು ವಾದಿಸಿದರು. ಕಾರಣ ಆದರ್ಶವಲ್ಲ, ಅನಿವಾರ್ಯ. ಪುಸ್ತಕದಲ್ಲಿ ಹೆಂಗಸರ ದನಿಯೇ ಗಟ್ಟಿ, ಗಂಡಸರು ಅಂಚಿಗೆ ಸರಿದಿದ್ದಾರೆ. ಕಣಿವೆಯ ಬದುಕಿನಲ್ಲೂ ಅವರ ಸ್ಥಾನ ಹೆಚ್ಚುಕಡಿಮೆ ಅದೇ ಆಗಿತ್ತು.

ಫ್ರೀಮಾಂಟ್ ಕಾರ್ಖಾನೆ ಟೊಯೋಟಾ ಜೊತೆಗೂಡಿ 1984ರಲ್ಲಿ ನುಮ್ಮಿ ಹೆಸರಿನಲ್ಲಿ ಮತ್ತೆ ತೆರೆದು, 2010ರ ಏಪ್ರಿಲ್ 1ರಂದು ಮುಚ್ಚಿತು. ಸುಮಾರು 4,700 ಮಂದಿ ಕೆಲಸ ಕಳೆದುಕೊಂಡರು. ಅದೇ ಕಟ್ಟಡದಲ್ಲಿ ಟೆಸ್ಲಾ ಈಗ ಸಂಘವಿಲ್ಲದೆ ಕಾರು ಮಾಡುತ್ತದೆ. ಪರ್ಮನೆಂಟೆಯ ಗೂಡು 2020ರಲ್ಲಿ ಆರಿತು. ಮತ್ತೆ ಹೊತ್ತಿಸುವುದಿಲ್ಲವೆಂದು ಕಂಪನಿ 2022ರಲ್ಲಿ ಸಾರಿತು. ಧೂಳು, ಮಾಲಿನ್ಯಗಳ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದ ಸುತ್ತಲಿನ ನಿವಾಸಿಗಳಿಗೆ ಅದು ಗೆಲುವು, ಅಲ್ಲಿ ದುಡಿಯುತ್ತಿದ್ದವರಿಗೆ ಅಲ್ಲ.

ಕ್ಯುಪರ್ಟಿನೋದಲ್ಲಿ ಓದಿಲ್ಲದ ಗಂಡಸಿಗೆ ಈಗ ಉಳಿದಿರುವುದು ಬಹುಪಾಲು ಕಸಗುಡಿಸುವ, ಕಾವಲು ಕಾಯುವ, ಅಡುಗೆಮನೆಯ, ಬಸ್ಸು ಓಡಿಸುವ ಕೆಲಸ. ಅದರಲ್ಲೂ ಬಹಳಷ್ಟು ಗುತ್ತಿಗೆಯದು. ಬಸ್ ಚಾಲಕನ ದಿನವನ್ನೇ ನೋಡಿ. ಬೆಳಕು ಹರಿಯುವ ಮುಂಚೆ ಡಿಪೋದಲ್ಲಿರಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಜಿನಿಯರುಗಳನ್ನು ಹತ್ತಿಸಿಕೊಂಡು 280ನೆಯ ಹೆದ್ದಾರಿ ಹಿಡಿದು ಕಚೇರಿಗೆ ಮುಟ್ಟಿಸಬೇಕು. ಮಧ್ಯೆ ಐದಾರು ಗಂಟೆ ಬಿಡುವು. ಕ್ಯುಪರ್ಟಿನೋದಲ್ಲಿ ಸಾಧಾರಣ ಮನೆಯ ಬೆಲೆಯೂ 20 ಲಕ್ಷ ಡಾಲರಿನ ಮೇಲಿರುವುದರಿಂದ ಅವನ ಮನೆ ಗುಡ್ಡದಾಚೆಯ ಟ್ರೇಸಿಯಂಥ ಊರಲ್ಲಿರುತ್ತದೆ, ಹೋಗಿಬರಲು ಆಗುವುದಿಲ್ಲ. ಕಾರಿನ ಸೀಟು ಚಾಚಿ ಮಲಗುತ್ತಾನೆ. ಸಂಜೆ ಅವರನ್ನೇ ಊರಿಗೆ ಬಿಟ್ಟು ಮನೆ ಸೇರುವಾಗ ಮಕ್ಕಳು ನಿದ್ದೆ ಹೋಗಿರುತ್ತಾರೆ. ಆಪಲ್, ಯಾಹೂ ಮುಂತಾದ ಕಂಪನಿಗಳಿಗೆ ಬಸ್ ಒದಗಿಸುತ್ತಿದ್ದ ಗುತ್ತಿಗೆ ಸಂಸ್ಥೆಯ ಚಾಲಕರು 2015ರಲ್ಲಿ ಟೀಮ್‌ಸ್ಟರ್ಸ್ ಸಂಘ ಸೇರಲು ಆಗ ಸಂಬಳವಿಲ್ಲದಿದ್ದ ಈ ಬಿಡುವಿನ ಗಂಟೆಗಳೂ ಒಂದು ಕಾರಣ. ಅದೇ ವರ್ಷ ಆಪಲ್ ತನ್ನ ಬಹುತೇಕ ಕಾವಲುಗಾರರನ್ನು ಗುತ್ತಿಗೆಯಿಂದ ತೆಗೆದು ನೇರವಾಗಿ ನೇಮಿಸಿಕೊಳ್ಳುವುದಾಗಿ ಪ್ರಕಟಿಸಿತು.

ಬೆಂಗಳೂರಿನವರಿಗೆ ಇದು ಪರಕೀಯ ಕಥೆಯಲ್ಲ. ಬಿನ್ನಿ ಮಿಲ್, ಎಚ್‌ಎಂಟಿ ಗಡಿಯಾರ ಕಾರ್ಖಾನೆಗಳ ಕಾಲ ಮುಗಿದು, ಬಹುಪಾಲು ಹೆಂಗಸರೇ ದುಡಿಯುವ ಗಾರ್ಮೆಂಟ್ಸ್ ಬೆಳೆದದ್ದನ್ನು ಅವರು ಕಂಡಿದ್ದಾರೆ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ (ಪಿಎಫ್) ಹಿಂಪಡೆಯುವುದನ್ನು ಬಿಗಿಗೊಳಿಸಿದ ನಿಯಮದ ವಿರುದ್ಧ ರಸ್ತೆಗಿಳಿದು ಕೇಂದ್ರ ಸರ್ಕಾರವನ್ನು ಹಿಂದೆ ಸರಿಸಿದವರಲ್ಲಿ ಹೆಚ್ಚಿನವರು ಈ ಹೆಂಗಸರೇ.

ಹೆಂಗಸರು ಕೆಲಸಕ್ಕೆ ಹೊರಟದ್ದರಿಂದ ಗಂಡಸಿನ ಪಾಡು ಹೀಗಾಯಿತು ಎಂಬ ದೂರು ಎರಡೂ ಕಡೆ ಕೇಳಿಬರುತ್ತದೆ. ಕಣಿವೆಯ ಇತಿಹಾಸ ಅದನ್ನು ಒಪ್ಪುವುದಿಲ್ಲ. ಇಲ್ಲಿ ಮೊದಲು ಅಗ್ಗವಾದದ್ದು ಹೆಣ್ಣಿನ ದುಡಿಮೆ. ಗಂಡಸಿನ ಹಿರಿತನದ ಹೆಸರಿನಲ್ಲೇ ಅದನ್ನು ಅಗ್ಗ ಮಾಡಲಾಗಿತ್ತು. ಮನೆಯಲ್ಲಿ ಹೊಸ ಪಾತ್ರ ವಹಿಸಲು ಗಂಡಸಿಗೆ ಈಗ ಕಾನೂನಿನ ಆಸರೆಯೂ ಇದೆ: ಮಗುವಿನ ಆರೈಕೆಗೆ ತಂದೆಗೂ ಸಂಬಳಸಹಿತ ರಜೆ ಕೊಡುವ ಕಾನೂನನ್ನು ಅಮೆರಿಕದಲ್ಲಿ ಮೊದಲು ಜಾರಿಗೆ ತಂದ ರಾಜ್ಯ ಕ್ಯಾಲಿಫೋರ್ನಿಯ. 2004ರಲ್ಲಿ ಆರು ವಾರವಿದ್ದ ರಜೆ 2020ರಲ್ಲಿ ಎಂಟು ವಾರವಾಯಿತು. 2025ರಿಂದ ಕಡಿಮೆ ಸಂಬಳದವರಿಗೆ ಕೂಲಿಯ ಶೇ. 90ರವರೆಗೆ ಸಿಗುತ್ತದೆ. ಆದರೆ 2020ರ ಜನಮತದಲ್ಲಿ ಗೆದ್ದ 22ನೆಯ ಪ್ರಸ್ತಾವ ಊಬರ್, ಲಿಫ್ಟ್ ಚಾಲಕರನ್ನು ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು ಎಂದು ಗುರುತಿಸಿತು. ತಾವೇ ಮುಂದಾಗಿ ವಿಮೆಯ ಕಂತು ಕಟ್ಟದಿದ್ದರೆ ಅವರಿಗೆ ಈ ರಜೆಯ ಭತ್ಯೆ ಸಿಗುವುದಿಲ್ಲ.