ಲೇಪಿತ ಉಕ್ಕಿನ ಹಗ್ಗದ ಲಿಫ್ಟ್‌ಗಳು: ಅರ್ಜಿದಾರರಿಗೆ ಮಾಹಿತಿ

ರಾಜ್ಯದಲ್ಲಿ ಲಿಫ್ಟ್‌ಗಳ ಸ್ಥಾಪನೆ ಹಾಗೂ ಬಳಕೆಯನ್ನು ಕರ್ನಾಟಕ ಲಿಫ್ಟ್‌ಗಳು, ಎಸ್ಕಲೇಟರ್‌ಗಳು ಮತ್ತು ಪ್ಯಾಸೆಂಜರ್ ಕನ್ವೇಯರ್‌ಗಳ ಅಧಿನಿಯಮ, 2012 ರ ಮೇರೆಗೆ ನಿಯಂತ್ರಿಸಲಾಗುತ್ತದೆ. ಮದ್ದೂರು, ಮಳವಳ್ಳಿಯಂತಹ ಪಟ್ಟಣಗಳ ಕಟ್ಟಡಗಳಿಗೂ ಇದು ಅನ್ವಯಿಸುತ್ತದೆ. ಅರ್ಜಿ ಸಲ್ಲಿಸುವ ಮುನ್ನ ಲಿಫ್ಟಿನ ಹಗ್ಗ ಯಾವ ಬಗೆಯದೆಂದು ತಿಳಿದಿರುವುದು ಅವಶ್ಯಕ.

1. ಸಾಮಾನ್ಯ ಹಗ್ಗ
ಉಕ್ಕಿನ ತಂತಿಗಳನ್ನು ಎಳೆಗಳಾಗಿ ಹೊಸೆದು, ಆ ಎಳೆಗಳನ್ನು ಸಾಮಾನ್ಯವಾಗಿ ಎಣ್ಣೆಯಲ್ಲಿ ನೆನೆಸಿದ ನಾರಿನ ತಿರುಳಿನ ಸುತ್ತ ಹುರಿಗೊಳಿಸಲಾಗುತ್ತದೆ. ರಾಟೆಯ ವ್ಯಾಸವು ಹಗ್ಗದ ವ್ಯಾಸದ ಕನಿಷ್ಠ 40 ಪಟ್ಟು ಇರತಕ್ಕದ್ದು.

2. ಲೇಪಿತ ಹಗ್ಗ
ಸತು ಲೇಪಿತ ಸಣ್ಣ ತಂತಿಗಳ ಹುರಿಗಳನ್ನು ಸಾಲಾಗಿ ಜೋಡಿಸಿ, ಕರಗಿಸಿದ ಪಾಲಿಯುರೆಥೇನ್ ಹೊದಿಸಿ ಚಪ್ಪಟೆ ಪಟ್ಟಿಯನ್ನು ತಯಾರಿಸಲಾಗುತ್ತದೆ. ಓಟಿಸ್ ಕಂಪನಿಯು 2000 ರಲ್ಲಿ ಬಳಕೆಗೆ ತಂದ ಇಂತಹ ಪಟ್ಟಿಯ ದಪ್ಪ ಸುಮಾರು 3 ಮಿ.ಮೀ. ಮಾತ್ರ. ತೆಳುವಾದ ಪಟ್ಟಿಯು ಸಣ್ಣ ರಾಟೆಯ ಮೇಲೂ ಬಾಗುವುದರಿಂದ ಯಂತ್ರ ಚಿಕ್ಕದಾಗುತ್ತದೆ. ಪ್ರತ್ಯೇಕ ಯಂತ್ರ ಕೊಠಡಿ ಇಲ್ಲದೆಯೂ ಲಿಫ್ಟ್ ಅಳವಡಿಸಬಹುದು.

3. ಪರಿಶೀಲನೆ
ಸಾಮಾನ್ಯ ಹಗ್ಗದ ಹೊರಮೈಯಲ್ಲಿ ತುಂಡಾದ ತಂತಿ ಕಣ್ಣಿಗೆ ಕಾಣುತ್ತದೆ. ಲೇಪನದೊಳಗೆ ತುಂಡಾದದ್ದು ಕಾಣುವುದಿಲ್ಲ. ಆದ್ದರಿಂದ ಹುರಿಗಳಲ್ಲಿ ಅಲ್ಪ ಪ್ರಮಾಣದ ವಿದ್ಯುತ್ ಹರಿಸಿ ರೋಧವನ್ನು ಅಳೆಯುವ ಉಪಕರಣಗಳನ್ನು ಬಳಸಲಾಗುತ್ತದೆ. ತಂತಿಗಳು ತುಂಡಾದಂತೆ ರೋಧ ಹೆಚ್ಚುತ್ತದೆ.

4. ಮಾಲೀಕರ ಗಮನಕ್ಕೆ
ಅ) ಹಗ್ಗದ ಬಗೆ, ತಪಾಸಣಾ ವಿಧಾನ ಮತ್ತು ಬದಲಾಯಿಸಬೇಕಾದ ಮಿತಿಯನ್ನು ತಯಾರಕರಿಂದ ಲಿಖಿತವಾಗಿ ಪಡೆದುಕೊಳ್ಳುವುದು.
ಆ) ಲೇಪಿತ ಪಟ್ಟಿಗೆ ಎಣ್ಣೆ ಅಥವಾ ಗ್ರೀಸ್ ಹಚ್ಚಕೂಡದು, ಹಚ್ಚಿದಲ್ಲಿ ಪಟ್ಟಿ ಜಾರುವ ಸಂಭವವಿರುತ್ತದೆ.
ಇ) ಲೇಪನ ಬಿರುಕು ಬಿಟ್ಟಲ್ಲಿ ಅಥವಾ ಒಳಗಿನ ಉಕ್ಕು ಕಂಡುಬಂದಲ್ಲಿ ಲಿಫ್ಟನ್ನು ಕೂಡಲೇ ನಿಲ್ಲಿಸಿ, ನಿರ್ವಹಣಾ ಸಂಸ್ಥೆಗೆ ತಿಳಿಸುವುದು.